ತಾರಸಿಯ ಮೇಲಿನ ಹತ್ತು ನಿಮಿಷ

ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ನಾವು ಮೂವರೂ ಹಿತುಕುತ್ತಿದ್ದೆವು. ಅಮ್ಮ ಗೋಡೆಗೆ ಒರಗಿದ್ದಳು, ನಾನು ಬಾಗಿಲ ಪಕ್ಕ, ದೀಪಿಕಾ ಅತ್ತಿಗೆ ಅಡುಗೆಮನೆಯ ಹೊಸಿಲ ಹತ್ತಿರ. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಬೇರೆ ವರ್ಷ ಈ ಕೆಲಸಕ್ಕೆ ಕೂತರೆ ಬೀದಿಯ ಸುದ್ದಿಯೆಲ್ಲ ಬಂದು ಹೋಗುತ್ತಿತ್ತು. ಅವತ್ತು ಅರ್ಧ ಪಾತ್ರೆ ಖಾಲಿಯಾದರೂ ಯಾರೂ ಬಾಯಿ ತೆರೆಯಲಿಲ್ಲ.

ಕೊನೆಗೆ ಅಮ್ಮನೇ ಅಂದಳು: “ಸಿಪ್ಪೆ ಬೇಳೆಗೆ ಬೀಳ್ತಾ ಇದೆ. ನೋಡ್ಕೊಂಡು ಹಿತುಕ್ಬೇಕು.”

ಯಾರಿಗೆ ಎಂದು ಹೇಳಲಿಲ್ಲ. ಅತ್ತಿಗೆ ತಲೆ ಎತ್ತದೆ, “ಕಣ್ಣು ಊದಿದೆ ಅತ್ತೆ, ಕಾಣ್ತಿಲ್ಲ” ಎಂದಳು.

ಹಿಂದಿನ ಸಂಜೆ ಅಣ್ಣ ಅವಳ ಫೋನನ್ನು ಗೋಡೆಗೆ ಎಸೆದಿದ್ದ. ಕಾರಣ ಸಂಗಮೇಶ್ ಎಂಬ ಹೆಸರು. ಆ ಹೆಸರು ಅಣ್ಣನ ಕಿವಿಗೆ ಮೊದಲು ಹಾಕಿದ್ದು ನಾನು.

ನಮ್ಮ ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಒಂದು ಹಾಲ್, ಎರಡು ಕೋಣೆ, ಮೇಲೆ ಬರಿಯ ತಾರಸಿ. ಅಪ್ಪ ತೀರಿಕೊಂಡ ವರ್ಷ ನಾನು ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಅಮ್ಮ ಹಾಸಿಗೆ ಹಿಡಿದಿದ್ದಳು, ಮನೆ ನೋಡಿಕೊಳ್ಳುವವರು ಬೇಕಿತ್ತು. ಆಮೇಲೆ ಅಮ್ಮ ಸುಧಾರಿಸಿಕೊಂಡಳು. ನಾನು ವಾಪಸ್ ಸ್ಕೂಲಿಗೆ ಹೋಗುವ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಣ್ಣ ಗುರುಪ್ರಕಾಶ್ ಬಿ.ಎಚ್. ರಸ್ತೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ಕುಣಿಗಲ್‌ನಿಂದ ಅತ್ತಿಗೆ ಬಂದಳು. ಸತ್ಯಮಂಗಲದಲ್ಲಿ ರಟ್ಟಿನ ಡಬ್ಬ ಮಾಡುವ ಫ್ಯಾಕ್ಟರಿಯಲ್ಲಿ ಅವಳಿಗೆ ಕ್ವಾಲಿಟಿ ನೋಡುವ ಕೆಲಸ. ನನಗೂ ಅವಳಿಗೂ ಒಂದೇ ವಯಸ್ಸು, ಇಪ್ಪತ್ತನಾಲ್ಕು. ಬೆಳಿಗ್ಗೆ ನಾನು ಅವಳ ಬಾಕ್ಸಿಗೆ ಚಿತ್ರಾನ್ನ ಹಾಕುತ್ತೇನೆ, ಅವಳು ಕೊರಳಿಗೆ ಐಡಿ ಕಾರ್ಡ್ ಹಾಕಿಕೊಳ್ಳುತ್ತಾಳೆ. ಒಂದು ದಿನ ಅವಳು ಅದನ್ನು ಮರೆತು ಹೋಗಿದ್ದಾಗ ನಾನು ಹಾಕಿಕೊಂಡು ಕನ್ನಡಿ ನೋಡಿಕೊಂಡೆ. ಚೆನ್ನಾಗಿ ಕಾಣಿಸಿತು. ಬೇಗ ತೆಗೆದಿಟ್ಟೆ.

ಮೊದಲು ಅಣ್ಣ ಶನಿವಾರ ಬರುವಾಗ ನನಗೆಂದು ಖಾರಾಬೂಂದಿ ತರುತ್ತಿದ್ದ. ಈಗಲೂ ತರುತ್ತಾನೆ. ಪೊಟ್ಟಣ ನೇರ ಅವರ ಕೋಣೆಗೆ ಹೋಗುತ್ತದೆ, ಅಲ್ಲಿಂದ ಅತ್ತಿಗೆ ಒಂದು ಬಟ್ಟಲಿಗೆ ಹಾಕಿ ನನಗೆ ತಂದುಕೊಡುತ್ತಾಳೆ. ಬಟ್ಟಲು ತುಂಬುವಷ್ಟೇ ಹಾಕುತ್ತಾಳೆ. ಆದರೂ ನಾನು ಅದನ್ನು ಅಮ್ಮನ ಮುಂದೆ ಇಟ್ಟುಬಿಡುತ್ತೇನೆ.

ನವೆಂಬರ್‌ನ ಒಂದು ಸಂಜೆ ಅವಳು ಯಾರದೋ ಬೈಕಿನಿಂದ ನಮ್ಮ ಗೇಟಿನ ಮುಂದೆ ಇಳಿದಳು. ಚಪ್ಪಲಿ ಬಿಡುತ್ತಲೇ ಹೇಳಿದಳು: “ಕಾವ್ಯ, ತಲೆ ಸಿಡೀತಿದೆ ಕಣೇ, ಮಲ್ಕೋತೀನಿ. ನಿಮ್ಮಣ್ಣ ಬಂದ್ರೆ ಹೇಳ್ಬಿಡು, ನಮ್ಮ ಸೂಪರ್‌ವೈಸರ್ ಸಂಗಮೇಶ್ ಅವರು ಬಿಟ್ಟೋದ್ರು ಅಂತ. ಅವರ ಹೆಂಡ್ತಿ ಬಾಣಂತಿ, ಅವಳ ತವರುಮನೆ ಇಲ್ಲೇ ಮುಂದಿನ ಬೀದೀಲಿ. ಇನ್ನೊಂದಷ್ಟು ದಿನ ಈ ಕಡೆಗೇ ಬರ್ತಾರಂತೆ. ಬಸ್ ಸಿಗದೇ ಇದ್ದಾಗ ಅವರ ಜೊತೆ ಬರ್ತೀನಿ. ನಿಮ್ಮಣ್ಣಂಗೆ ಬೇಡ ಅನ್ಸಿದ್ರೆ ಬರಲ್ಲ.”

ಅಣ್ಣ ಬಂದಾಗ ನಾನು ಹೇಳಿದ್ದು ಇಷ್ಟು: “ಅತ್ತಿಗೆ ಇವತ್ತು ಸಂಗಮೇಶ್ ಅನ್ನೋರ ಬೈಕಲ್ಲಿ ಬಂದ್ರು.”

ಬಾಣಂತಿಯ ಮಾತು ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅಣ್ಣ ಟೀ ಲೋಟ ಕೆಳಗಿಟ್ಟು ಪೂರ್ತಿ ನನ್ನ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ಅವನು ನನ್ನ ಮಾತಿಗೆ ಹಾಗೆ ತಿರುಗಿದ್ದು.

“ಯಾವ ಸಂಗಮೇಶ್?”

“ನಂಗೊತ್ತಿಲ್ಲ ಅಣ್ಣ.”

ಮಾರನೆಯ ದಿನದಿಂದ ಅವನು ಬಂದ ಕೂಡಲೇ ನನ್ನನ್ನು ಕೇಳತೊಡಗಿದ. ನಾನು ಹೇಳುತ್ತಾ ಹೋದೆ. ಬೈಕಿನಲ್ಲಿ ಬಂದ ದಿನ ಬಂದರು ಎಂದೆ, ಬರದ ದಿನ ಇಲ್ಲ ಎಂದೆ. ಅತ್ತಿಗೆಗೆ ಅಣ್ಣ ಏನೂ ಅನ್ನಲಿಲ್ಲ. ಅವನಿಗೆ ವಿಷಯ ಗೊತ್ತು, ಒಪ್ಪಿಗೆ ಇದೆ ಎಂದು ಅವಳು ತಿಳಿದುಕೊಂಡಳು. ಹೀಗೆ ಒಂದು ತಿಂಗಳು. ಆಮೇಲೆ ಆ ಸಂಜೆ ಅವಳ ಫೋನಿಗೆ ಸಂಗಮೇಶ್ ಎಂಬ ಹೆಸರು ಬಂತು, ಫೋನು ಗೋಡೆಗೆ ಹೋಯಿತು.

ನಮ್ಮ ಕಡೆ ಗಂಡ ಹೆಂಡಿರ ಜಗಳ ಹೀಗಾದರೆ ಎರಡೂ ಕಡೆಯ ಹಿರಿಯರನ್ನು ಕರೆದು ನ್ಯಾಯಕ್ಕೆ ಕೂರಿಸುತ್ತಾರೆ. ನಡುವೆ ಒಂದು ತಟ್ಟೆಯಲ್ಲಿ ವಿಭೂತಿ ಗಟ್ಟಿ ಇಡುತ್ತಾರೆ. ಅನುಮಾನ ಬಂದವರು ಅದನ್ನು ಮುಟ್ಟಿ ನಿಜ ಹೇಳಬೇಕು, ಹಿರಿಯರು ತೀರ್ಪು ಹೇಳಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಹೋಳಿಗೆ ಊಟ ಮಾಡಬೇಕು. ಆ ಭಾನುವಾರ ಗುಬ್ಬಿಯಿಂದ ಅಮ್ಮನ ಅಣ್ಣ ರುದ್ರಯ್ಯ ಮಾವ ಬಂದರು, ಕುಣಿಗಲ್‌ನಿಂದ ಅತ್ತಿಗೆಯ ಅಪ್ಪ ಶಿವಮೂರ್ತಿಯವರು ಬಂದರು. ನಾನು ಬೆಳಿಗ್ಗೆಯಿಂದ ಹೋಳಿಗೆ ತಟ್ಟಿದೆ.

“ಮುಟ್ಟಿ ಹೇಳ್ಬುಡವ್ವಾ, ಮುಗ್ದೋಯ್ತದೆ” ಎಂದರು ರುದ್ರಯ್ಯ ಮಾವ. “ತಪ್ಪಿಲ್ದೋರ್ಗೆ ಭಯ ಯಾಕೆ?”

“ಭಯ ಅಲ್ಲ ಮಾವ. ಮುಟ್ಟಿ ಹೇಳೋ ಅಂಥದ್ದು ನಾನೇನು ಮಾಡಿದೀನಿ? ಇವರಿಗೆ ಎಲ್ಲಾ ಗೊತ್ತು. ಗೊತ್ತಿದ್ದೂ ಮುಟ್ಟು ಅಂತಾರಲ್ಲ, ಅದಕ್ಕೆ ಮುಟ್ಟಲ್ಲ.”

“ನಂಗೇನ್ ಗೊತ್ತು? ನೀನು ಬೈಕಲ್ಲಿ ಮೆರ್ಕೊಂಡು ಬರೋದು ಗೊತ್ತು!” ಅಣ್ಣ ಕೂಗಿದ.

“ನೋಡಿ ಅಪ್ಪ, ಗೊತ್ತು ಅಂತ ಅವರೇ ಹೇಳ್ತಿದಾರೆ.”

ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ಅವಳು ಹೇಳುತ್ತಿದ್ದ ಗೊತ್ತು ಬೇರೆ, ಅವನು ಹೇಳುತ್ತಿದ್ದ ಗೊತ್ತು ಬೇರೆ ಎಂದು ಆ ಮನೆಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಒಲೆಯ ಮೇಲಿನ ತುಪ್ಪ ಕೆಳಗಿಳಿಸಿದೆ.

ಶಿವಮೂರ್ತಿಯವರು ಎದ್ದರು. “ಶಿವರಾತ್ರಿವರೆಗೆ ನೋಡ್ತೀನಿ ಬೀಗ್ರೇ. ಅಷ್ಟೊತ್ತಿಗೆ ಸರಿಹೋಗ್ಲಿಲ್ಲ ಅಂದ್ರೆ ನನ್ನ ಮಗಳ ಸಾಮಾನು ತಗೊಂಡೋಗಕ್ಕೆ ನಾನೇ ವ್ಯಾನ್ ತರ್ತೀನಿ. ಏಳು ದೀಪಾ.”

ಅವರು ಊಟ ಮಾಡದೆ ಹೋದರು. ರುದ್ರಯ್ಯ ಮಾವ ಮಾತ್ರ, “ಮಾಡಿದ್ ಹೋಳಿಗೆ ಏನ್ ಪಾಪ ಮಾಡೈತೆ?” ಎಂದು ನಾಲ್ಕು ತಿಂದು, ಆರು ಕಟ್ಟಿಸಿಕೊಂಡು ಬಸ್ ಹತ್ತಿದರು.

ಅತ್ತಿಗೆ ಕುಣಿಗಲ್‌ನಿಂದಲೇ ಕೆಲಸಕ್ಕೆ ಓಡಾಡತೊಡಗಿದಳು. ಮನೆಯಲ್ಲಿ ಮತ್ತೆ ನಾವು ಮೂವರೇ. ಇದೇ ನನಗೆ ಬೇಕಾಗಿದ್ದದ್ದು ಅನ್ನಿಸಿತ್ತು. ಅಣ್ಣನಿಗೆ ಇಷ್ಟವೆಂದು ಹಿತುಕಿದ ಬೇಳೆ ಸಾರು ಮಾಡಿ, ಮುದ್ದೆ ಕಟ್ಟಿ ಬಡಿಸಿದೆ. ಅವನು ಅರ್ಧ ಮುದ್ದೆಗೆ ಎದ್ದ.

“ಉಪ್ಪು ಜಾಸ್ತಿ ಆಯ್ತಾ ಅಣ್ಣ?”

“ಇಲ್ಲ, ಸರಿಯಾಗಿದೆ.”

ಶನಿವಾರ ಅವನು ಖಾರಾಬೂಂದಿ ತರಲೇ ಇಲ್ಲ.

ರುದ್ರಯ್ಯ ಮಾವ ಗುಬ್ಬಿಯಲ್ಲೊಬ್ಬರ ಬಗ್ಗೆ ಫೋನ್ ಮಾಡಿದರು. ಮನೆ ಮುಂದೆ ‘ದಂಪತಿ ಕಲಹಕ್ಕೆ ಸಲಹೆ’ ಎಂದು ಬೋರ್ಡ್ ಇದೆಯಂತೆ. ಅಣ್ಣನೂ ಅಮ್ಮನೂ ಹೋಗಿ ಬಂದರು. ಆತ ಇಬ್ಬರ ನಕ್ಷತ್ರ ಕೇಳಿ, ಹೆಂಡತಿ ಕೆಲಸ ಬಿಡಬೇಕು, ಮಂಚದ ದಿಕ್ಕು ಬದಲಾಯಿಸಬೇಕು ಎಂದನಂತೆ. ಅಣ್ಣನೂ ನಾನೂ ಸೇರಿ ಮಂಚ ತಿರುಗಿಸಿದೆವು. ಬೀರು ಬಾಗಿಲು ತೆಗೆಯಲು ಬಾರದಂತಾಯಿತು. ಅಷ್ಟೇ.

ಎಂಟನೆಯ ದಿನ ಅಣ್ಣನೇ ಅವಳಿಗೆ ಫೋನ್ ಮಾಡಿದ. ಅವಳು ಒಂದೇ ಷರತ್ತು ಹಾಕಿದಳು: ಬರುತ್ತೇನೆ, ಆದರೆ ಇಬ್ಬರೂ ಸೇರಿ ಕೌನ್ಸೆಲಿಂಗ್‌ಗೆ ಹೋಗಬೇಕು. ಫ್ಯಾಕ್ಟರಿಗೆ ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮ ಮಾನಸಾ ಮೇಡಂ ಎಂಬ ಕೌನ್ಸೆಲರ್ ನಂಬರ್ ಕೊಟ್ಟಿದ್ದರಂತೆ. ಅವಳು ಆಗಲೇ ಅವರ ಹತ್ತಿರ ಮಾತಾಡಿ, ಏನು ಓದಿದ್ದೀರಿ, ಎಷ್ಟು ವರ್ಷದಿಂದ ಗಂಡ ಹೆಂಡಿರನ್ನು ನೋಡುತ್ತಿದ್ದೀರಿ, ಅಲ್ಲಿ ಆಡಿದ ಮಾತು ಹೊರಗೆ ಹೋಗುತ್ತದೆಯೇ ಎಂದೆಲ್ಲ ಕೇಳಿಕೊಂಡಿದ್ದಳು.

“ಹುಚ್ಚು ಹಿಡಿದೋರು ಹೋಗೋ ಜಾಗ ಅದು” ಅಮ್ಮ ಕೂಗಾಡಿದಳು. “ನನ್ನ ಮಗಂಗೇನ್ ಬಂದೈತೆ?”

“ಮಂಚ ತಿರುಗ್ಸಿದ್ದಕ್ಕಿಂತ ಹುಚ್ಚಾ ಅಮ್ಮ ಇದು?” ಎಂದ ಅಣ್ಣ.

ಜನವರಿಯ ಮೊದಲ ಶನಿವಾರ ಹೊರಟೆವು. ಇದೂ ಒಂದು ನ್ಯಾಯವೇ ಎಂದು ನಾವೆಲ್ಲ ತಿಳಿದಿದ್ದೆವು. ಅದಕ್ಕೇ ಎರಡೂ ಕಡೆಯವರು ಬಂದೆವು. ರುದ್ರಯ್ಯ ಮಾವ ಇಸ್ತ್ರಿ ಪಂಚೆ ಉಟ್ಟು ಬಂದಿದ್ದರು, ಶಿವಮೂರ್ತಿಯವರು ಮಗಳ ಜೊತೆ ಕುಣಿಗಲ್‌ನಿಂದ ಬಂದಿದ್ದರು. ಎಸ್.ಎಸ್. ಪುರಂನಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿ. ಮಾನಸಾ ಮೇಡಂಗೆ ನಲವತ್ತರ ಹತ್ತಿರ ವಯಸ್ಸು, ಕಾಟನ್ ಸೀರೆ. ಕೋಣೆಯಲ್ಲಿ ಮೂರೇ ಕುರ್ಚಿ. ಆರು ಜನ ಒಳಗೆ ನುಗ್ಗಿದೆವು. ಅಮ್ಮ ಬ್ಯಾಗಿನಿಂದ ವಿಭೂತಿ ಗಟ್ಟಿ ತೆಗೆದು ಅವರ ಟೇಬಲ್ ಮೇಲಿಟ್ಟಳು.

“ಇದೇನಮ್ಮ?”

“ನಿಮ್ಮ ಮುಂದೆ ಮುಟ್ಟಿ ಹೇಳ್ಲಿ ಅಂತ ತಂದೆ ಮೇಡಂ. ನಮ್ಮ ಮುಂದೆ ಮುಟ್ಟಲ್ವಂತೆ.”

ಮೇಡಂ ನಗಲಿಲ್ಲ. ಗಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದು ಅಮ್ಮನಿಗೇ ಕೊಟ್ಟರು. “ಇಲ್ಲಿ ಯಾರೂ ಏನೂ ಮುಟ್ಟಿ ಹೇಳೋ ಹಾಗಿಲ್ಲ. ಯಾರದು ತಪ್ಪು ಅಂತ ನಾನು ತೀರ್ಪೂ ಕೊಡಲ್ಲ.”

“ತೀರ್ಪು ಕೊಡಲ್ಲ ಅಂದ್ಮೇಲೆ ನೀವ್ ಮಾಡದೇನು ತಾಯಿ?” ಎಂದರು ರುದ್ರಯ್ಯ ಮಾವ.

“ಇವರು ಹೇಳೋದು ಅವರಿಗೆ ಕೇಳ್ಸೋ ಹಾಗೆ, ಅವರು ಹೇಳೋದು ಇವರಿಗೆ ಕೇಳ್ಸೋ ಹಾಗೆ ಮಾಡ್ತೀನಿ. ಮುಂದಿನ ದಾರಿ ಅವರೇ ನೋಡ್ಕೋಬೇಕು. ಒಂದು ವಿಷಯ ಮೊದಲೇ ಕೇಳ್ಬೇಕು. ಮನೇಲಿ ಕೈ ಎತ್ತೋದು, ಏನಾದ್ರೂ ಎಸೆಯೋದು ಇದೆಯಾ?”

“ಒಂದು ಫೋನ್ ಕೈ ಜಾರಿ ಬಿತ್ತು, ಅಷ್ಟೇ” ಎಂದಳು ಅಮ್ಮ.

“ಎಸೆದೆ ಮೇಡಂ” ಎಂದ ಅಣ್ಣ.

“ಸರಿ. ಮೊದಲು ಅದನ್ನೇ ಮಾತಾಡೋಣ. ಅದು ನಿಲ್ಲದೆ ಬೇರೆ ಮಾತು ಮುಂದಕ್ಕೆ ಹೋಗಲ್ಲ. ಉಳಿದೋರು ದಯವಿಟ್ಟು ಹೊರಗೆ ಕೂತ್ಕೊಳ್ಳಿ.”

ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ನಾವು ನಾಲ್ವರು. ಮೊದಲು ಅಣ್ಣ ಹೊರಬಂದು ಹತ್ತು ನಿಮಿಷ ನಿಂತ, ಆಮೇಲೆ ಅವನು ಒಳಗೆ, ಅತ್ತಿಗೆ ಹೊರಗೆ, ಆಮೇಲೆ ಇಬ್ಬರೂ ಒಳಗೆ. ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು.

“ಒಂಬತ್ತು ತಿಂಗಳು ಹೊತ್ತೋಳು ಇಲ್ಲಿ ಬೆಂಚ್ ಮೇಲೆ. ಯಾವಳೋ ಕಂಡಿಲ್ದೋಳ ಹತ್ರ ಏನ್ ಗೋಳು ಹೇಳ್ಕೊಳ್ತಾವ್ನೋ.”

“ಹೇಳ್ಕೊಳ್ಳಿ ಬುಡು ಮಂಗ್ಳ” ಎಂದರು ಮಾವ. “ನಂಗೇ ಹೇಳ್ಕೊಳದು ಎಷ್ಟೋ ಐತೆ.”

ಅಮ್ಮನ ಹೊಟ್ಟೆಯುರಿ ಮೇಡಂ ಮೇಲೆ. ನನ್ನದು ಅತ್ತಿಗೆ ಮೇಲೆ. ಒಂದು ಗಂಟೆ ಒಬ್ಬರು ಎದುರು ಕೂತು ಅವಳ ಮಾತನ್ನೇ ಕೇಳುತ್ತಾರೆ. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಐದು ನಿಮಿಷ ಕೂರಿಸಿಕೊಂಡು, ನಿನಗೇನಾಗಿದೆ ಎಂದು ಕೇಳಿದವರಿಲ್ಲ. ಅವಳು ಹೊರಬಂದಾಗ ಅತ್ತು ಮುಖ ತೊಳೆದುಕೊಂಡ ಹಾಗಿತ್ತು. ಅದೂ ಚೆನ್ನಾಗಿಯೇ ಕಾಣುತ್ತಿತ್ತು.

ಅವತ್ತೇ ಅವಳು ಮನೆಗೆ ಬಂದಳು. ಅಣ್ಣ ಮಂಚವನ್ನು ಮೊದಲಿದ್ದ ಹಾಗೆ ತಿರುಗಿಸಿದ.

ಮೇಡಂ ಅವರಿಬ್ಬರಿಗೆ ಹೋಂವರ್ಕ್ ಕೊಟ್ಟಿದ್ದರು. ದಿನಾ ಸಂಜೆ ಹತ್ತು ನಿಮಿಷ ಇಬ್ಬರೇ ಕೂರಬೇಕು. ಒಬ್ಬರು ಮಾತಾಡಬೇಕು, ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು. ಮುಗಿದ ಮೇಲೆ ಕೇಳಿಸಿಕೊಂಡವರು, ನೀನು ಹೇಳಿದ್ದು ಇದು, ಸರಿಯಾ ಎಂದು ಅದನ್ನೇ ತಿರುಗಿ ಹೇಳಬೇಕು. ಉತ್ತರ ಕೊಡುವುದು ಅದಾದ ಮೇಲೆ. ಅವರು ತಾರಸಿಗೆ ಹೋಗತೊಡಗಿದರು. ಮೊದಲ ದಿನವೇ ಅಮ್ಮ ಕೆಳಗಿನಿಂದ, “ಗುರು, ಗ್ಯಾಸ್ ಖಾಲಿ ಆಯ್ತು ನೋಡೋ” ಎಂದು ಕೂಗಿದಳು. ಗ್ಯಾಸ್ ಖಾಲಿಯಾಗಿರಲಿಲ್ಲ. ಎರಡನೆಯ ದಿನ ಇಬ್ಬರಿಗೂ ಟೀ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು, ಮಂಡಿನೋವು ಎನ್ನುವವಳು.

ನನಗೆ ಯಾವ ನೆಪವೂ ಬೇಕಿರಲಿಲ್ಲ. ಒಣಗಿದ ಬಟ್ಟೆ ತರಲು ಹೋಗಿ ಮೇಲಿನ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಬಾಗಿಲು ಅರ್ಧ ಮುಚ್ಚಿರುತ್ತಿತ್ತು.

“ನೀನು ಅವನ ಬೈಕಿಂದ ಇಳಿಯೋದು ಬೀದಿಯವರೆಲ್ಲ ನೋಡ್ತಾರೆ” ಅಣ್ಣ ಹೇಳುತ್ತಿದ್ದ. “ಅಂಗಡೀಲಿ ಕೂತಿದ್ರೂ ಅದೇ ಕಣ್ಮುಂದೆ ಬರುತ್ತೆ. ಅಷ್ಟೇ. ಈಗ ನೀನು ಹೇಳು.”

“ನಾನು ಬೈಕಲ್ಲಿ ಬಂದ್ರೆ ನಿಮ್ಮ ಮರ್ಯಾದೆ ಹೋಗುತ್ತೆ ಅಂತ ಹೇಳಿದ್ರಿ. ಸರಿಯಾ?”

“ಮರ್ಯಾದೆ ಅಂತ ನಾನೆಲ್ಲಂದೆ? ಹೊಟ್ಟೆ ಉರಿಯುತ್ತೆ ಅಂದೆ.”

“ಹಂಗನ್ಲಿಲ್ಲ ನೀವು.”

“ಈಗ ಅಂದೆ.”

ಅತ್ತಿಗೆ ನಕ್ಕಳು, ಅಣ್ಣನೂ ನಕ್ಕ. ಡಿಸೆಂಬರ್‌ನಿಂದ ಆ ಮನೆಯಲ್ಲಿ ಕೇಳಿಸದ ನಗು. ಅವರು ನಕ್ಕರೆ ಒಳ್ಳೆಯದು ಎಂದು ನನಗೆ ಗೊತ್ತಿತ್ತು. ಆದರೂ ತೊಡೆಯ ಮೇಲಿದ್ದ ಅವಳ ಚೂಡಿದಾರವನ್ನು ಹಿಂಡಿ ಹಿಂಡಿ ಸುಕ್ಕು ಮಾಡಿದ್ದೆ.

ಸಂಕ್ರಾಂತಿಗೆ ಎಳ್ಳು ಬೀರಲು ಅಮ್ಮನ ಜೊತೆ ಅತ್ತಿಗೆಯೂ ಹೋದಳು. ಶನಿವಾರ ಶನಿವಾರ ಅವರಿಬ್ಬರೂ ಎಸ್.ಎಸ್. ಪುರಂಗೆ ಹೋಗಿ ಬರುತ್ತಿದ್ದರು. ಎಲ್ಲ ದಿನವೂ ನಗುತ್ತಲೇ ಬಂದರೆಂದಲ್ಲ. ಒಂದು ಸಲ ಅಣ್ಣ ಅವಳನ್ನು ಬಿಟ್ಟು ಒಬ್ಬನೇ ಬಂದ, ಅವಳು ಆಟೋದಲ್ಲಿ ಬಂದಳು. ಆದರೆ ಏನೂ ಎಸೆಯಲಿಲ್ಲ. ಸಿಟ್ಟು ಬಂದರೆ, “ನಾನು ಒಂದು ರೌಂಡ್ ಹೋಗ್ಬರ್ತೀನಿ, ಅರ್ಧ ಗಂಟೆ” ಎಂದು ಹೇಳಿ ಹೊರಗೆ ಹೋಗುತ್ತಿದ್ದ, ಹೇಳಿದ ಹೊತ್ತಿಗೆ ಬರುತ್ತಿದ್ದ.

ಶಿವರಾತ್ರಿಗೆ ಹತ್ತು ದಿನವಿದ್ದಾಗ ಮೆಟ್ಟಿಲಲ್ಲಿ ಕೂತು ನಾನು ಕೇಳಿಸಿಕೊಂಡದ್ದು ಇದು.

“ನಂಗೆ ಬೈಕಿನ ಮಾತಿಗಿಂತ ನೋವಾಗಿದ್ದು ಬೇರೆ” ಎನ್ನುತ್ತಿದ್ದಳು ಅತ್ತಿಗೆ. “ಮೊದಲನೇ ದಿನಾನೇ ಕಾವ್ಯನ ಹತ್ರ ಹೇಳಿ ಕಳ್ಸಿದ್ದೆ. ಸಂಗಮೇಶ್ ಹೆಂಡ್ತಿ ಬಾಣಂತಿ, ಅದಕ್ಕೆ ಈ ಕಡೆ ಬರ್ತಾರೆ, ನಿಮಗೆ ಬೇಡ ಅನ್ಸಿದ್ರೆ ಬರಲ್ಲ ಅಂತ. ನೀವು ಒಂದು ತಿಂಗಳು ಸುಮ್ಮನಿದ್ದು ಆಮೇಲೆ ಎಲ್ಲರ ಮುಂದೆ ಮುಟ್ಟು ಅಂದ್ರಿ. ಈಗ ನೀವು ಹೇಳಿ.”

“ನೀನು ಮೊದಲನೇ ದಿನಾನೇ ಕಾವ್ಯನ ಹತ್ರ ಹೇಳಿ ಕಳ್ಸಿದ್ದೆ” ಅಣ್ಣ ಶುರುಮಾಡಿದ. “ಅವನ ಹೆಂಡ್ತಿ ಬಾಣಂತಿ…”

ಅಲ್ಲಿಗೇ ನಿಂತ. ನಾನು ಬಟ್ಟೆ ಎತ್ತಿಕೊಂಡು ಶಬ್ದವಾಗದಂತೆ ಕೆಳಗಿಳಿದೆ.

ಊಟಕ್ಕೆ ಅಂದು ಉಪ್ಸಾರು, ಮುದ್ದೆ. ಅಣ್ಣ ತಟ್ಟೆ ಮುಟ್ಟಲಿಲ್ಲ.

“ಕಾವ್ಯ, ಅವತ್ತು ಇವಳು ನಿಂಗೆ ಪೂರ್ತಿ ಹೇಳಿದ್ಲಾ?”

“ಹೇಳಿದ್ರು.”

“ಬಾಣಂತಿ ವಿಷಯಾನೂ?”

“ಹೂಂ.”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

ನಾನು ನೀರಿನ ಚೊಂಬನ್ನು ಅವನ ತಟ್ಟೆಯ ಪಕ್ಕಕ್ಕೆ ಸರಿಸಿದೆ. ಅಮ್ಮ ನಡುವೆ ಬಂದಳು. “ಮರ್ತಿರ್ತಾಳೆ ಬಿಡೋ. ಮಗು ಅದು.”

“ಇಪ್ಪತ್ತನಾಲ್ಕು ವರ್ಷದ ಮಗು! ದಿನಾ ಕೇಳ್ತಿದ್ದೆ ಅಮ್ಮ, ಒಂದು ತಿಂಗಳು! ದಿನಾ ಮರ್ತೋಯ್ತಾ? ಇವಳು ಮನೆ ಬಿಟ್ಟು ಹೋದ್ಲು, ಅವಾಗ್ಲೂ ನೆನಪಾಗ್ಲಿಲ್ವಾ?”

“ಹೆಂಡ್ತಿಗೋಸ್ಕರ ತಂಗೀನ ಬೈತಿಯೇನೋ? ಆ ಮೇಡಂ ಇದನ್ನೇ ಹೇಳಿಕೊಡ್ತಿರೋದು?”

ಅಣ್ಣ ಎದ್ದ. ಅವನ ಕೈ ಚೊಂಬಿನ ಮೇಲಿತ್ತು. ಆಮೇಲೆ ಕೈ ತೆಗೆದ.

ಆಗ ಅತ್ತಿಗೆ ಮೆಲ್ಲಗೆ ಅಂದಳು: “ಅವಳನ್ನ ಯಾಕೆ ಕೇಳ್ತೀರಿ? ಅವಳು ಅರ್ಧ ಹೇಳಿದ್ಲು. ಇನ್ನರ್ಧ ನೀವು ನನ್ನನ್ನೇ ಕೇಳ್ಬಹುದಿತ್ತು. ನಾನೂ ನಿಮಗೇ ಹೇಳ್ಬಹುದಿತ್ತು.”

ಅಣ್ಣ ಕೂತ. ಮುದ್ದೆ ಮುರಿದ. ಅವಳು ಅವನಿಗೆ ಸಾರು ಬಡಿಸಿದಳು, ಅಮ್ಮನಿಗೆ ಬಡಿಸಿದಳು, ನನ್ನ ತಟ್ಟೆಗೂ ಬಡಿಸಿದಳು. ಅವಳು ಕಪಾಳಕ್ಕೆ ಹೊಡೆದಿದ್ದರೆ ಮೇಲಿತ್ತು. ಅವಳ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಯುರಿಯಿತು.

ಮಾರನೆಯ ಬೆಳಿಗ್ಗೆ ಅವಳ ಬಾಕ್ಸ್ ತೆಗೆಯಲು ಹೋದೆ. ಅದು ಆಗಲೇ ತುಂಬಿತ್ತು.

“ಇನ್ಮೇಲೆ ನಾನೇ ಹಾಕ್ಕೋತೀನಿ ಕಾವ್ಯ. ನಿಂಗ್ಯಾಕೆ ತೊಂದ್ರೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ. ಅಣ್ಣ ಸಂಜೆ ಬಂದರೆ ಈಗ ನನ್ನನ್ನು ಏನೂ ಕೇಳುವುದಿಲ್ಲ. “ಟೀ ಇದೆಯಾ?” ಎಂದರೂ ಅಮ್ಮನನ್ನೇ ಕೇಳುತ್ತಾನೆ.

ಶಿವರಾತ್ರಿಗೆ ಮೂರು ದಿನವಿದ್ದಾಗ ಅತ್ತಿಗೆ ಹಾಲ್‌ನಲ್ಲೇ ನಿಂತು ಕುಣಿಗಲ್‌ಗೆ ಫೋನ್ ಮಾಡಿದಳು. “ವ್ಯಾನ್ ಬೇಡಪ್ಪ. ಎಲ್ಲ ಸರಿಹೋಯ್ತು ಅಂತಲ್ಲ. ಇನ್ನೂ ಹೋಗ್ತಾ ಇದೀವಿ. ಮಾತಾಡಕ್ಕೆ ಬರ್ತಿದೆ ಈಗ. ನಾನು ಇಲ್ಲೇ ಇರ್ತೀನಿ.” ಅಣ್ಣ ಕುರ್ಚಿಯಲ್ಲಿ ಕೂತು ಶೂ ಲೇಸ್ ಕಟ್ಟುತ್ತಿದ್ದ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ. ಅಮ್ಮ ದೇವರ ಗೂಡಿನ ಮುಂದೆ ಹೋಗಿ ಕೈಮುಗಿದಳು. ಸೊಸೆ ಉಳಿದದ್ದು ಅವಳಿಗೂ ಬೇಕಿತ್ತು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವಳು ಹೋಗದೇ ಇದ್ದದ್ದಕ್ಕೆ ಸಮಾಧಾನದಿಂದ ಅತ್ತೆನೋ, ಹೊಟ್ಟೆಕಿಚ್ಚಿನಿಂದ ಅತ್ತೆನೋ ನನಗೇ ಬಿಡಿಸಿ ಹೇಳಲು ಬರುವುದಿಲ್ಲ.

ಹಬ್ಬ ಕಳೆದ ಮೇಲಿನ ಶನಿವಾರ ನಾಲ್ಕು ಗಂಟೆ. ಅಮ್ಮ ಜಗುಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. ಅಣ್ಣ ಬೈಕ್ ಒರೆಸುತ್ತಿದ್ದ. ಅತ್ತಿಗೆ ವೇಲ್‌ಗೆ ಪಿನ್ ಹಾಕಿಕೊಳ್ಳುತ್ತಾ ಹೊರಬಂದಳು. ನಾನು ತಲೆ ಬಾಚಿ, ಹಬ್ಬದ ಚೂಡಿದಾರ ಹಾಕಿ, ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತಿದ್ದೆ. ಹೇಳಬೇಕಾದ ಮಾತನ್ನು ಬೆಳಿಗ್ಗೆಯಿಂದ ಪಾತ್ರೆ ತೊಳೆಯುತ್ತಾ, ಕಸ ಗುಡಿಸುತ್ತಾ ಬಾಯಿಪಾಠ ಮಾಡಿಕೊಂಡಿದ್ದೆ.

“ಅತ್ತಿಗೆ, ಆ ಮೇಡಂ ಹತ್ರ ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗಿ.”

ಅಮ್ಮನ ಮೊರ ಒಂದು ಕ್ಷಣ ನಿಂತು ಮತ್ತೆ ಆಡತೊಡಗಿತು. ಅಣ್ಣ ಒರೆಸಿದ ಕನ್ನಡಿಯನ್ನೇ ಇನ್ನೊಮ್ಮೆ ಒರೆಸಿದ. ಅತ್ತಿಗೆ ನನ್ನ ಕಾಲಿನ ಚಪ್ಪಲಿ ನೋಡಿದಳು, ಆಮೇಲೆ ಅಣ್ಣನ ಮುಖ ನೋಡಿದಳು, ಪಿನ್ನು ಇನ್ನೂ ಅವಳ ಬೆರಳಲ್ಲೇ ಇತ್ತು.